ಶಿಕ್ಷೆ ಸುದ್ದಿಯ ಕೊನೇ ಸಾಲು: ದಂಡ ಕಟ್ಟದಿದ್ದರೆ ಎಷ್ಟು ತಿಂಗಳು?

ಶಿವಮೊಗ್ಗದಲ್ಲಿ ಬೆಳಗ್ಗೆ ಪೇಪರ್ ಬಿಡಿಸಿದರೆ ಒಳಪುಟದ ಮೂಲೆಯಲ್ಲಿ ಆಗಾಗ ಒಂದೇ ಅಚ್ಚಿನ ಸುದ್ದಿ ಕಾಣುತ್ತದೆ. ಆರೋಪ ದೃಢಪಟ್ಟ ಹಿನ್ನೆಲೆಯಲ್ಲಿ ಇಂಥವನಿಗೆ ಇಷ್ಟು ವರ್ಷ ಕಠಿಣ ಸಜೆ, ಇಷ್ಟು ಸಾವಿರ ರೂಪಾಯಿ ದಂಡ, ದಂಡ ಕಟ್ಟಲು ತಪ್ಪಿದರೆ ಹೆಚ್ಚುವರಿಯಾಗಿ ಇಷ್ಟು ತಿಂಗಳು ಸಾದಾ ಸಜೆ. ಊರು ಬದಲಾಗುತ್ತದೆ. ಒಮ್ಮೆ ಭದ್ರಾವತಿ, ಒಮ್ಮೆ ಸಾಗರ, ಒಮ್ಮೆ ಶಿಕಾರಿಪುರ. ವಾಕ್ಯ ಮಾತ್ರ ಅದೇ.

ನಾವು ಜಗಳ ಆಡುವುದು ಮೊದಲ ಸಂಖ್ಯೆಯ ಮೇಲೆ. ಹೋಟೆಲ್‌ನಲ್ಲಿ ಕಾಫಿ ಬರುವಷ್ಟರಲ್ಲಿ ಒಬ್ಬರು 'ಇಷ್ಟು ದೊಡ್ಡ ತಪ್ಪಿಗೆ ಬರೀ ಮೂರು ವರ್ಷನಾ' ಅಂತಾರೆ, ಇನ್ನೊಬ್ಬರು 'ಅಯ್ಯೋ ಬಿಡಿ, ನಾಳೆ ಹೊರಗೆ ಬರ್ತಾನೆ' ಅಂತಾರೆ. ಎರಡನೇ ಸಂಖ್ಯೆ ನೋಡಿ ನಗುತ್ತೇವೆ, ಐದು ಸಾವಿರ ದಂಡ ಒಂದು ದಂಡವಾ ಅಂತ. ಮೂರನೆಯದನ್ನು ಯಾರೂ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ. ಈಗ ನನಗೆ ಅನ್ನಿಸುವುದು ಏನೆಂದರೆ, ಆ ಮೂರರಲ್ಲಿ ಕೊನೆಯದೇ ಗಟ್ಟಿ. ಮೊದಲಿನ ಎರಡು ಕೇಳಿಸಿದಷ್ಟು ಇರುವುದಿಲ್ಲ. ಕೊನೆಯದು ಇರುತ್ತದೆ, ಅದೂ ಕೈಯಲ್ಲಿ ದುಡ್ಡಿಲ್ಲದವನಿಗೆ ಮಾತ್ರ.

ಮೊದಲು ವರ್ಷದ ವಿಷಯ ನೋಡೋಣ.

ಕಾನೂನಿನ ಪುಸ್ತಕದಲ್ಲಿ ಇರುವುದು ಬಹುತೇಕ ಮೇಲಿನ ಮಿತಿ ಅಷ್ಟೇ. ಕಳ್ಳತನಕ್ಕೆ '3 ವರ್ಷದವರೆಗೆ' ಅಂತಿದ್ದರೆ ನ್ಯಾಯಾಧೀಶರು ಒಂದು ದಿನದಿಂದ ಮೂರು ವರ್ಷದ ತನಕ ಎಷ್ಟು ಬೇಕಾದರೂ ಕೊಡಬಹುದು, ಇಲ್ಲವೇ ಬರೀ ದಂಡ ಹಾಕಿ ಬಿಡಬಹುದು. ಅದರ ಮೇಲೆ ಕೋರ್ಟಿಗೂ ಒಂದು ಮಿತಿ ಇದೆ. ತಾಲ್ಲೂಕಿನಲ್ಲಿ ನಾವು ನೋಡುವ ಜೆಎಂಎಫ್‌ಸಿ ಕೋರ್ಟ್, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, 3 ವರ್ಷಕ್ಕಿಂತ ಜಾಸ್ತಿ ಸಜೆ ಕೊಡುವಂತಿಲ್ಲ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್‌ಗೆ 7 ವರ್ಷದ ತನಕ ಅಧಿಕಾರ. ಅದರಾಚೆಗೆ ಜಿಲ್ಲಾ ಮಟ್ಟದ ಸೆಷನ್ಸ್ ಕೋರ್ಟ್. ಮರಣದಂಡನೆ ಕೊಟ್ಟರೆ ಮಾತ್ರ ಹೈಕೋರ್ಟ್ ಒಪ್ಪಬೇಕು. ಹಾಗಾಗಿ 'ಇಂಥ ಕೋರ್ಟ್ 10 ವರ್ಷ ಕೊಟ್ಟಿತು' ಅಂದರೆ ಅದು ಸೆಷನ್ಸ್ ಕೇಸು ಅಂತ ಅಲ್ಲೇ ತಿಳಿಯಬಹುದು.

ಕೆಲವು ಕಾಯ್ದೆಗಳಲ್ಲಿ ಮಾತ್ರ ಕೆಳಗಿನ ಮಿತಿಯೂ ಇದೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ, ಅದರಲ್ಲಿ ಮುಖ್ಯವಾದದ್ದು. 2019ರ ತಿದ್ದುಪಡಿ ಆದ ಮೇಲೆ 16 ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ 20 ವರ್ಷಕ್ಕಿಂತ ಕಡಿಮೆ ಕೊಡಲು ಬರುವುದಿಲ್ಲ. ನಮ್ಮ ಕಡೆ ಪೋಕ್ಸೊ ತೀರ್ಪುಗಳಲ್ಲಿ 20 ಅನ್ನುವ ಅಂಕಿ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಅದೇ. ಅದು ಆ ನ್ಯಾಯಾಧೀಶರ ಸಿಟ್ಟೂ ಅಲ್ಲ, ಕರುಣೆಯೂ ಅಲ್ಲ. ಕಾನೂನು ಅಲ್ಲಿಂದಲೇ ಶುರುವಾಗುತ್ತದೆ.

ಮಲೆನಾಡಿನವರಿಗೆ ಇದನ್ನು ಇನ್ನೊಂದು ಉದಾಹರಣೆಯಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಕಾಡುಹಂದಿ ಶಿಕಾರಿ. ತೋಟಕ್ಕೆ ನುಗ್ಗಿದ ಹಂದಿಯನ್ನು ಒಬ್ಬ ಪರವಾನಗಿ ಇಲ್ಲದೆ ಹೊಡೆದ ಅನ್ನಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸಾಮಾನ್ಯವಾಗಿ 3 ವರ್ಷದವರೆಗೆ ಸಜೆ, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬರೀ ದಂಡದಲ್ಲಿ ಮುಗಿಯುವ ದಾರಿ ಅಲ್ಲಿದೆ. ಅದೇ ಹಂದಿಯನ್ನು ಶೆಟ್ಟಿಹಳ್ಳಿ ಅಭಯಾರಣ್ಯದ ಗಡಿಯೊಳಗೆ ಹೊಡೆದರೆ ಲೆಕ್ಕವೇ ಬೇರೆ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ಜೊತೆಗೆ 25 ಸಾವಿರಕ್ಕೆ ಕಡಿಮೆ ಇಲ್ಲದ ದಂಡ. 'ಇಲ್ಲವೇ' ಅನ್ನುವ ಪದ ಅಲ್ಲಿ ಇಲ್ಲ. ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅವಕಾಶವನ್ನೂ, 18 ವರ್ಷದೊಳಗಿನವರನ್ನು ಬಿಟ್ಟು, ಕಾಯ್ದೆಯೇ ಮುಚ್ಚಿಹಾಕಿದೆ. ಶೆಟ್ಟಿಹಳ್ಳಿ ಕಾಡಿನೊಳಗೆ ಶರಾವತಿ ಮುಳುಗಡೆಯಿಂದ ಬಂದವರ ಊರುಗಳೇ ಇವೆ, ಗದ್ದೆ ಎಲ್ಲಿ ಮುಗಿಯಿತು, ಅಭಯಾರಣ್ಯ ಎಲ್ಲಿ ಶುರುವಾಯಿತು ಅಂತ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಹೋದವನಿಗೆ ಗೊತ್ತಾಗುತ್ತದಾ ಅನ್ನುವುದು ಬೇರೆ ಪ್ರಶ್ನೆ. ಕೈಯಲ್ಲಿದ್ದದ್ದು ಲೈಸೆನ್ಸ್ ಇಲ್ಲದ ನಾಡಕೋವಿ ಆಗಿದ್ದರೆ ಶಸ್ತ್ರಾಸ್ತ್ರ ಕಾಯ್ದೆಯೂ ಸೇರಿಕೊಳ್ಳುತ್ತದೆ. ಹಂದಿ ಅದೇ, ಕೋವಿ ಅದೇ, ಶಿಕ್ಷೆಯನ್ನು ಬದಲಾಯಿಸುವುದು ನಕ್ಷೆಯ ಮೇಲಿನ ಒಂದು ಗೆರೆ.

ಇನ್ನು 'ನಾಳೆ ಹೊರಗೆ ಬರ್ತಾನೆ' ಅನ್ನುವ ಮಾತು. ಅದರಲ್ಲಿ ಅರ್ಧ ನಿಜ ಇದೆ. 3 ವರ್ಷದೊಳಗಿನ ಸಜೆ ಆದರೆ, ಆರೋಪಿ ಜಾಮೀನಿನ ಮೇಲೆ ಇದ್ದವನಾದರೆ, ಮೇಲ್ಮನವಿ ಹಾಕಿಕೊಳ್ಳಲಿ ಅಂತ ಅದೇ ಕೋರ್ಟ್ ಸಜೆಯನ್ನು ಸ್ವಲ್ಪ ಕಾಲ ಅಮಾನತಿನಲ್ಲಿ ಇಡುತ್ತದೆ. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ ಇದೆ. ಆದ್ದರಿಂದ ಬೆಳಗ್ಗೆ 'ಎರಡು ವರ್ಷ ಸಜೆ' ಆದವನು ಸಂಜೆ ಬಸ್ ಸ್ಟ್ಯಾಂಡ್‌ನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಿಂತಿರುವುದು ಸಿಕ್ಕಿದರೆ ಆಶ್ಚರ್ಯ ಪಡಬೇಕಿಲ್ಲ. ಯಾರೋ ಲಂಚ ತಿಂದರು ಅಂತ ಅಲ್ಲ, ಕಾನೂನಿನ ಕ್ರಮವೇ ಹಾಗಿದೆ.

ಇನ್ನೊಂದು ಕಡೆಯಿಂದಲೂ ವರ್ಷ ಕರಗುತ್ತದೆ. ವಿಚಾರಣೆ ನಡೆಯುವಾಗ ಜೈಲಿನೊಳಗೆ ಇದ್ದ ದಿನಗಳನ್ನು ಕೊನೆಗೆ ಸಜೆಯ ಲೆಕ್ಕದಿಂದ ಕಳೆಯಬೇಕು. ಇದು ಸಣ್ಣ ವಿಷಯ ಅಲ್ಲ. 2022ರ ಅಂಕಿಅಂಶ ಪ್ರಕಾರ ದೇಶದ ಜೈಲುಗಳಲ್ಲಿ ಇದ್ದವರಲ್ಲಿ ನೂರಕ್ಕೆ ಸುಮಾರು 76 ಜನ ಶಿಕ್ಷೆಯೇ ಆಗದ ವಿಚಾರಣಾಧೀನ ಕೈದಿಗಳು. ಮೂರು ವರ್ಷ ಶಿವಮೊಗ್ಗದ ಸೋಗಾನೆ ಜೈಲಿನಲ್ಲಿ ಕಳೆದವನಿಗೆ ಆಮೇಲೆ ಮೂರು ವರ್ಷ ಸಜೆ ಆದರೆ ಅವನು ತೀರ್ಪಿನ ದಿನವೇ ಮನೆಗೆ. ಪೇಪರಿನಲ್ಲಿ ಮಾತ್ರ ಅದು ಮೂರು ವರ್ಷ.

ಜೀವಾವಧಿ ಬಗ್ಗೆ ಒಂದು ಮಾತು, ಇದನ್ನು ಎಲ್ಲರೂ ತಪ್ಪು ಹೇಳುತ್ತಾರೆ. ಜೀವಾವಧಿ ಅಂದರೆ 14 ವರ್ಷ ಅಲ್ಲ. ಅಂದರೆ ಉಸಿರು ಇರುವವರೆಗೆ. ಸುಪ್ರೀಂ ಕೋರ್ಟ್ ಇದನ್ನು 1961ರಲ್ಲೇ ಹೇಳಿದೆ. 14 ಎಲ್ಲಿಂದ ಬಂತು ಅಂದರೆ, ಕೊಲೆಯಂಥ ಕೇಸಿನಲ್ಲಿ ಸರ್ಕಾರ ಸನ್ನಡತೆ ನೋಡಿ ಬಿಡಬೇಕೆಂದರೂ ಅದಕ್ಕೆ ಮೊದಲು 14 ವರ್ಷ ಒಳಗೆ ಕಳೆದಿರಬೇಕು ಅನ್ನುವ ನಿಯಮದಿಂದ. ಬಿಡಲೇಬೇಕು ಅಂತ ಎಲ್ಲೂ ಇಲ್ಲ. 2008ರಲ್ಲಿ ಕರ್ನಾಟಕದ್ದೇ ಒಂದು ಕೊಲೆ ಕೇಸಿನಲ್ಲಿ, ಸ್ವಾಮಿ ಶ್ರದ್ಧಾನಂದನ ಪ್ರಕರಣ, ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಆದರೆ ಸಾಯುವ ತನಕ ಬಿಡುಗಡೆ ಇಲ್ಲ ಅಂತ ಬರೆಯಿತು. ಆ ರೀತಿ ಬರೆಯುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ, ಜಿಲ್ಲಾ ಕೋರ್ಟಿಗೆ ಇಲ್ಲ.

ಈಗ ನನ್ನ ಮುಖ್ಯ ಲೆಕ್ಕಕ್ಕೆ ಬರುತ್ತೇನೆ. ಹಳೇ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ ಕೇಸು ಒಂದನ್ನು ಊಹಿಸಿಕೊಳ್ಳಿ. ಊರ ಹಬ್ಬದಲ್ಲಿ ಹೊಡೆದಾಟ, ದೊಣ್ಣೆ, ಬೆದರಿಕೆ. ಕೋರ್ಟ್ ಆಯುಧದಿಂದ ಗಾಯ ಮಾಡಿದ 324ನೇ ಕಲಮಿಗೆ 2 ವರ್ಷ ಸಜೆ, 5 ಸಾವಿರ ದಂಡ, ತಪ್ಪಿದರೆ 3 ತಿಂಗಳು ಅನ್ನುತ್ತದೆ. ಕೈಯಿಂದ ಹೊಡೆದ 323ಕ್ಕೆ 6 ತಿಂಗಳು, 1 ಸಾವಿರ, ತಪ್ಪಿದರೆ 1 ತಿಂಗಳು. ಬೆದರಿಕೆಯ 506ಕ್ಕೆ 1 ವರ್ಷ, 4 ಸಾವಿರ, ತಪ್ಪಿದರೆ 2 ತಿಂಗಳು. ಕೊನೆಗೆ 'ಎಲ್ಲ ಶಿಕ್ಷೆಗಳನ್ನೂ ಏಕಕಾಲಕ್ಕೆ ಅನುಭವಿಸತಕ್ಕದ್ದು' ಅಂತ ಒಂದು ಸಾಲು.

ಕೂಡಿದರೆ ಮೂರೂವರೆ ವರ್ಷ. ಆದರೆ ಏಕಕಾಲಕ್ಕೆ ಅಂದ ಕೂಡಲೇ ಚಿಕ್ಕವು ದೊಡ್ಡದರ ಹೊಟ್ಟೆಯೊಳಗೆ ಹೋಗುತ್ತವೆ, ಉಳಿಯುವುದು 2 ವರ್ಷ. ದಂಡಕ್ಕೆ ಆ ಸೌಲಭ್ಯ ಇಲ್ಲ. 5 ಸಾವಿರ, 1 ಸಾವಿರ, 4 ಸಾವಿರ, ಒಟ್ಟು 10 ಸಾವಿರ ಕಟ್ಟಲೇಬೇಕು. ಕಟ್ಟದಿದ್ದರೆ 3, 1, 2 ಸೇರಿ 6 ತಿಂಗಳು, ಅದೂ ಒಂದಾದ ಮೇಲೆ ಒಂದು. ಈ ತಪ್ಪಿದರೆ-ಸಜೆಗಳು ಏಕಕಾಲಕ್ಕೆ ಓಡುವಂತಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಮುಖ್ಯ ಸಜೆ ಮುಗಿದ ಮೇಲೆ ಇವು ಶುರು. ಇನ್ನೂ ಒಂದಿದೆ. ವಿಚಾರಣೆ ಹೊತ್ತಿಗೆ ಒಳಗಿದ್ದ ದಿನಗಳನ್ನು ಕಳೆಯುತ್ತಾರೆ ಅಂದೆನಲ್ಲ, ಆ ನಿಯಮದೊಳಗೇ ಒಂದು ಕೊಕ್ಕೆ ಇದೆ. ದಂಡ ಕಟ್ಟದ್ದಕ್ಕೆ ಬೀಳುವ ಸಜೆಗೆ ಅದು ಅನ್ವಯಿಸುವುದಿಲ್ಲ.

ಅಂದರೆ ಕೈಯಲ್ಲಿ 10 ಸಾವಿರ ಇದ್ದವನಿಗೆ 2 ವರ್ಷ. ಇಲ್ಲದವನಿಗೆ ಎರಡೂವರೆ ವರ್ಷ. ಹೊಡೆದ ದೊಣ್ಣೆ ಒಂದೇ.

ಈ ತಿಂಗಳುಗಳಿಗೂ ಸೂತ್ರ ಇದೆ. ಒಂದು ಅಪರಾಧಕ್ಕೆ ಸಜೆಯೂ ದಂಡವೂ ಇದ್ದರೆ, ದಂಡ ತಪ್ಪಿದ್ದಕ್ಕೆ ಕೊಡುವ ಸಜೆ ಗರಿಷ್ಠ ಸಜೆಯ ಕಾಲು ಭಾಗ ಮೀರಬಾರದು. 3 ವರ್ಷದ ಅಪರಾಧಕ್ಕೆ 9 ತಿಂಗಳು. ಬರೀ ದಂಡದ ಅಪರಾಧ ಆದರೆ ಬೇರೆ ಕೋಷ್ಟಕ. 1860ರ ಐಪಿಸಿಯಲ್ಲಿ 50 ರೂಪಾಯಿವರೆಗಿನ ದಂಡ ತಪ್ಪಿದರೆ 2 ತಿಂಗಳವರೆಗೆ, 100 ರೂಪಾಯಿವರೆಗೆ ಆದರೆ 4 ತಿಂಗಳವರೆಗೆ ಅಂತಿತ್ತು. 2024ರ ಜುಲೈ 1ಕ್ಕೆ ಐಪಿಸಿಯ ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಆ 50ನ್ನು 5 ಸಾವಿರ ಮಾಡಿತು, 100ನ್ನು 10 ಸಾವಿರ ಮಾಡಿತು. ತಿಂಗಳುಗಳನ್ನು ಹಾಗೇ ಬಿಟ್ಟಿತು.

ಕ್ಯಾಲ್ಕುಲೇಟರ್ ತೆಗೆಯಿರಿ. 5 ಸಾವಿರಕ್ಕೆ 60 ದಿನ ಅಂದರೆ ದಿನಕ್ಕೆ 83 ರೂಪಾಯಿ. ಮನುಷ್ಯನ ಒಂದು ದಿನಕ್ಕೆ ಕಾನೂನು ಕಟ್ಟಿದ ಬೆಲೆ ಅಂದರೆ ಅದು. ಹೌದು, ಅದು ಮೇಲಿನ ಮಿತಿ, ಕೋರ್ಟುಗಳು ಸಾಮಾನ್ಯವಾಗಿ ಅಷ್ಟು ಎಳೆಯುವುದಿಲ್ಲ, ಒಪ್ಪುತ್ತೇನೆ. ಆದರೂ ತೋಟದ ಕೆಲಸಕ್ಕೆ ದಿನಕ್ಕೆ 600 ಕೂಲಿ ಅಂತ ಹಿಡಿದರೆ ಅದೇ 5 ಸಾವಿರ ಅವನ ಸುಮಾರು ಎಂಟು ದಿನದ ದುಡಿಮೆ. ಹೊರಗೆ ಎಂಟು ದಿನದಲ್ಲಿ ತೀರುವ ಸಾಲ ಒಳಗೆ ಅರವತ್ತು ದಿನದ ತನಕ ಹೋಗಬಹುದು.

ದಂಡದ ಮೊತ್ತಗಳೂ ಒಂದು ವಿಚಿತ್ರ ಸಂತೆ. ಹೊಸ ಸಂಹಿತೆ ಕೆಲವನ್ನು ಹತ್ತು ಪಟ್ಟು, ನೂರು ಪಟ್ಟು ಏರಿಸಿದೆ. ಸಾರ್ವಜನಿಕ ಜಾಗದಲ್ಲಿ ಕುಡಿದು ಗಲಾಟೆ ಮಾಡಿದ್ದಕ್ಕೆ 10 ರೂಪಾಯಿ ಇದ್ದದ್ದು 1 ಸಾವಿರ ಆಯಿತು. ಕೈಯಿಂದ ಹೊಡೆದು ನೋವು ಮಾಡಿದ್ದಕ್ಕೆ 1 ಸಾವಿರ ಇದ್ದದ್ದು 10 ಸಾವಿರ. ಜೆಎಂಎಫ್‌ಸಿ ಕೋರ್ಟ್ ಹಾಕಬಹುದಾದ ದಂಡದ ಮಿತಿ 10 ಸಾವಿರದಿಂದ 50 ಸಾವಿರಕ್ಕೆ ಹೋಯಿತು. ಆದರೆ ರಸ್ತೆಯಲ್ಲಿ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಗಾಡಿ ಓಡಿಸಿದ್ದಕ್ಕೆ, ನಾವು 279 ಅಂತ ಕರೆಯುತ್ತಿದ್ದದ್ದು ಈಗ 281, ಅಲ್ಲಿ 1 ಸಾವಿರ ಇತ್ತು, ಈಗಲೂ 1 ಸಾವಿರವೇ. ಆಗುಂಬೆ ಘಾಟಿಯಲ್ಲಿ ತಿರುವಿನಲ್ಲಿ ಓವರ್‌ಟೇಕ್ ಮಾಡುವವರನ್ನು ನೋಡಿದವರಿಗೆ ಇದು ಹೇಗೆ ಕಣ್ಣು ತಪ್ಪಿತು ಅಂತ ಅನ್ನಿಸದೆ ಇರದು. ನಿರ್ಲಕ್ಷ್ಯದಿಂದ ಸಾವಾದರೆ ಮಾತ್ರ ಸಜೆಯ ಮಿತಿ 2 ವರ್ಷದಿಂದ 5 ವರ್ಷಕ್ಕೆ ಏರಿದೆ.

ಒಂದು ಮಾತು ನೆನಪಿರಲಿ. ಹೊಸ ಮೊತ್ತಗಳು ಹೊಸ ಅಪರಾಧಗಳಿಗೆ ಮಾತ್ರ. 2024ರ ಜುಲೈಗೆ ಮೊದಲು ನಡೆದ ಜಗಳಕ್ಕೆ ಇವತ್ತು ತೀರ್ಪು ಬಂದರೂ ಐಪಿಸಿಯೇ. ಹಿಂದೆ ಮಾಡಿದ ತಪ್ಪಿಗೆ ಆಮೇಲೆ ಬಂದ ಹೆಚ್ಚಿನ ಶಿಕ್ಷೆ ಹಾಕುವಂತಿಲ್ಲ, ಸಂವಿಧಾನದ 20ನೇ ವಿಧಿ ಅದನ್ನು ತಡೆಯುತ್ತದೆ. ಹಾಗಾಗಿ ಇನ್ನೂ ಹಲವು ವರ್ಷ ಪೇಪರಿನಲ್ಲಿ 323, 504 (ಬೈದು ಕೆಣಕಿದ್ದಕ್ಕೆ), 506 ಓದುತ್ತಲೇ ಇರುತ್ತೇವೆ.

ಈ ದುಡ್ಡು ಯಾರಿಗೆ ಹೋಗುತ್ತದೆ ಅಂತ ಎಷ್ಟೋ ಜನ ಕೇಳುತ್ತಾರೆ. ಸುಮ್ನೆ ಬಿಟ್ಟರೆ ಸರ್ಕಾರಕ್ಕೆ. ಕೋರ್ಟ್ ಬರೆದರೆ ಅದರಲ್ಲಿ ಒಂದು ಪಾಲು, ಕೆಲವೊಮ್ಮೆ ಪೂರ್ತಿ, ನೊಂದವರಿಗೆ. ಪೋಕ್ಸೊದ ದೊಡ್ಡ ಅಪರಾಧಗಳಲ್ಲಿ ದಂಡ ಮಗುವಿನ ಚಿಕಿತ್ಸೆ, ಪುನರ್ವಸತಿಗೇ ಹೋಗಬೇಕು ಅಂತ ಕಾನೂನಿನಲ್ಲೇ ಇದೆ. ಚೆಕ್ ಬೌನ್ಸ್ ಕೇಸಿನಲ್ಲಂತೂ ದಂಡ ಅನ್ನುವುದು ಹೆಚ್ಚುಕಡಿಮೆ ಸಾಲ ವಸೂಲಿ. ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ಹಾಕಬಹುದು, ಮ್ಯಾಜಿಸ್ಟ್ರೇಟರ ಮಾಮೂಲಿ ಮಿತಿ ಅಲ್ಲಿ ಅಡ್ಡ ಬರುವುದಿಲ್ಲ, ಅದರಲ್ಲಿ ಬಹುಪಾಲು ಸಾಮಾನ್ಯವಾಗಿ ದೂರುದಾರನಿಗೇ.

ಕಟ್ಟದೆ ಒಳಗೆ ಕೂತು ಬಂದರೆ? ತಪ್ಪಿದರೆ-ಸಜೆ ಪೂರ್ತಿ ಅನುಭವಿಸಿದವನ ಆಸ್ತಿ ಮೇಲೆ ಮತ್ತೆ ವಸೂಲಿಗೆ ಹೋಗಬೇಕಾದರೆ ಕೋರ್ಟ್ ವಿಶೇಷ ಕಾರಣ ಬರೆಯಬೇಕು. ಅರ್ಧ ದಂಡ ಕಟ್ಟಿದರೆ? ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಟ್ಟಿದಷ್ಟಕ್ಕೆ ಸಜೆಯೂ ಕಡಿಮೆ ಆಗುತ್ತದೆ. 6 ತಿಂಗಳಲ್ಲಿ 3 ತಿಂಗಳು ಕಳೆದವನ ಮನೆಯವರು ಉಳಿದ ಅರ್ಧ ಹೊಂದಿಸಿ ತಂದು ಕಟ್ಟಿದರೆ ಅವನು ಅವತ್ತೇ ಹೊರಗೆ. ಪೂರ್ತಿ ಹೊಂದಿಸಲು ಆಗಲಿಲ್ಲ ಅಂತ ಏನೂ ಕಟ್ಟದೆ ಕೂರುವ ಮನೆಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಕನಿಷ್ಠ ದಂಡ ಇರುವ ಕಾಯ್ದೆಗಳಲ್ಲಿ ಇದು ಇನ್ನೂ ಬಿಗಿ. ಗಾಂಜಾ ಕೇಸು ನೋಡಿ. ಶುಂಠಿ, ಜೋಳದ ನಡುವೆ ಗಿಡ ಬೆಳೆಸಿ ಸಿಕ್ಕಿಬಿದ್ದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳೆದದ್ದಕ್ಕೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಒಣ ಗಾಂಜಾ 1 ಕೆಜಿ ತನಕ ಸಿಕ್ಕರೆ 1 ವರ್ಷ ಅಥವಾ 10 ಸಾವಿರದ ಒಳಗೆ ಮುಗಿಯಬಹುದು. 20 ಕೆಜಿ ದಾಟಿತೋ, ಸಜೆ ಕನಿಷ್ಠ 10 ವರ್ಷ, ದಂಡ ಕನಿಷ್ಠ 1 ಲಕ್ಷ. ಚೀಲ ಹೊತ್ತು ಸಿಕ್ಕಿಬಿದ್ದವನು ಚೀಲದ ಮಾಲೀಕನೇ ಆಗಿರಬೇಕು ಅಂತೇನೂ ಇಲ್ಲ, ಅಲ್ವಾ. ನ್ಯಾಯಾಧೀಶರಿಗೆ ಅವನ ಪರಿಸ್ಥಿತಿ ಕಂಡರೂ ದಂಡವನ್ನು ಲಕ್ಷದ ಕೆಳಗೆ ಇಳಿಸಲು ಬರುವುದಿಲ್ಲ. ಅವನ ಹತ್ತು ವರ್ಷದ ಬಾಲಕ್ಕೆ ಇನ್ನೊಂದಿಷ್ಟು ತಿಂಗಳು ಗ್ಯಾರಂಟಿ ಅಂಟಿಕೊಳ್ಳುತ್ತವೆ.

ಇದಕ್ಕೆ ಎದುರು ಚಿತ್ರವೂ ಇದೆ. ಅಪ್ರಾಪ್ತ ಮಗನಿಗೆ ಬೈಕ್ ಕೊಟ್ಟ ಅಪ್ಪನಿಗೆ 25 ಸಾವಿರ ದಂಡ ಅನ್ನುವ ಸುದ್ದಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದದ್ದು ಇದು, ಕಾಗದದ ಮೇಲೆ 3 ವರ್ಷದವರೆಗೆ ಸಜೆಯೂ ಇದೆ, ಸುದ್ದಿಯಲ್ಲಿ ಕಾಣುವುದು ಹೆಚ್ಚಾಗಿ ದಂಡ ಮಾತ್ರ. ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ಇದ್ದ ಹೊತ್ತಿಗೆ ಇದು ಅರ್ಧ ಕ್ವಿಂಟಲ್. ಎಂಟು ಎಕರೆ ತೋಟ ಇರುವವರು 'ಹೋಗ್ಲಿ ಬಿಡು, ಒಂದು ಮೂಟೆ ಅಡಿಕೆ ಹೋಯ್ತು' ಅಂದುಕೊಳ್ಳಬಹುದು. ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ಅಪ್ಪನಿಗೆ ಎರಡು ತಿಂಗಳ ಸಂಬಳ. ಮಕ್ಕಳ ಕೈಗೆ ಗಾಡಿ ಕೊಡಬಾರದು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಬ್ಬರಿಗೂ ಒಂದೇ ಶಿಕ್ಷೆ ಆಯಿತು ಅಂತ ಹೇಳಬೇಡಿ.

ಫಿನ್ಲೆಂಡ್ ಇದಕ್ಕೆ 1921ರಲ್ಲೇ ಒಂದು ದಾರಿ ಹುಡುಕಿತು. ಅಲ್ಲಿ ಹಲವು ಅಪರಾಧಗಳಿಗೆ ದಂಡವನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ತಪ್ಪಿನ ತೂಕಕ್ಕೆ ಇಷ್ಟು ದಿನ, ಒಂದು ದಿನದ ಬೆಲೆ ಅವನವನ ಆದಾಯದ ಮೇಲೆ. 2002ರಲ್ಲಿ ಬೈಕನ್ನು ಜೋರಾಗಿ ಓಡಿಸಿದ ನೋಕಿಯಾ ಕಂಪನಿಯ ಅಧಿಕಾರಿಯೊಬ್ಬರಿಗೆ 1 ಲಕ್ಷ 16 ಸಾವಿರ ಯೂರೋ ದಂಡ ಬಿದ್ದಿತ್ತು, ಆಮೇಲೆ ಕೋರ್ಟಿನಲ್ಲಿ ಇಳಿಯಿತು ಅನ್ನಿ. ನಮ್ಮಲ್ಲಿ ಅಂಥ ಕೋಷ್ಟಕ ಇಲ್ಲ. ಶಿಕ್ಷೆ ಎಷ್ಟು ಕೊಡಬೇಕು ಅನ್ನುವುದಕ್ಕೇ ಒಂದು ಮಾರ್ಗಸೂಚಿ ಬೇಕು ಅಂತ 2003ರಲ್ಲಿ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ವಿ.ಎಸ್. ಮಳಿಮಠರ ಸಮಿತಿ ಹೇಳಿತ್ತು. ಹೊಸ ಸಂಹಿತೆಗಳು ಬಂದವು, ಮಾರ್ಗಸೂಚಿ ಬರಲಿಲ್ಲ.

ಹೊಸತಾಗಿ ಬಂದದ್ದು ಸಮುದಾಯ ಸೇವೆ. ಆರು ಅಪರಾಧಗಳಿಗೆ ಮಾತ್ರ. 5 ಸಾವಿರಕ್ಕಿಂತ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಸಲ ಸಿಕ್ಕಿಬಿದ್ದು, ವಸ್ತು ಅಥವಾ ಅದರ ಬೆಲೆ ವಾಪಸ್ ಕೊಟ್ಟವನು, ಕುಡಿದು ಬೀದಿಯಲ್ಲಿ ರಂಪ ಮಾಡಿದವನು, ಮಾನಹಾನಿ ಮಾಡಿದವನು, ಹೀಗೆ. ಕೂಲಿ ಇಲ್ಲದೆ ಊರಿಗೆ ಉಪಯೋಗ ಆಗುವ ಕೆಲಸ ಮಾಡಬೇಕು. ಪ್ರತಿ ಮಳೆಗಾಲಕ್ಕೆ ಕೊಚ್ಚಿಹೋಗುವ ನಮ್ಮ ಕಾಲುಸಂಕಗಳಿಗೆ ಇದಕ್ಕಿಂತ ಒಳ್ಳೆ ಜನಬಲ ಎಲ್ಲಿ ಸಿಕ್ಕೀತು ಅಂತ ನಾನು ತಮಾಷೆ ಮಾಡುವುದುಂಟು. ತಮಾಷೆ ಬಿಟ್ಟರೂ, ದುಡ್ಡು ಇಲ್ಲದವನು ಜೈಲಿಗೆ ಹೋಗದೆ ತೀರಿಸಬಹುದಾದ ಶಿಕ್ಷೆ ಇದೊಂದೇ. ಅದನ್ನು ಆರಕ್ಕೇ ನಿಲ್ಲಿಸಿದ್ದು ಯಾಕೋ ಗೊತ್ತಿಲ್ಲ.

ಹಾಗಂತ ಈಗಿರುವ ಕಾನೂನಿನಲ್ಲಿ ಜಾಗವೇ ಇಲ್ಲ ಅಂತಲ್ಲ. ಮೊತ್ತ ಬರೆಯದ ಕಡೆ ದಂಡಕ್ಕೆ ಮಿತಿ ಇಲ್ಲ, ಆದರೆ ವಿಪರೀತ ಆಗಿರಬಾರದು ಅಂತ ಸಂಹಿತೆಯೇ ಹೇಳುತ್ತದೆ. ಸೆಷನ್ಸ್ ಕೇಸಿನಲ್ಲಿ ತಪ್ಪಿತಸ್ಥ ಅಂತ ಹೇಳಿದ ಮೇಲೆ, ಶಿಕ್ಷೆ ಬರೆಯುವ ಮೊದಲು, 'ಶಿಕ್ಷೆ ಬಗ್ಗೆ ಏನಾದರೂ ಹೇಳುವುದಿದೆಯಾ' ಅಂತ ಕೇಳಲೇಬೇಕು. ಆಗ ಬರುವ ಉತ್ತರ ಬಹುತೇಕ ಒಂದೇ. ವಯಸ್ಸಾದ ತಾಯಿ ಇದ್ದಾರೆ, ಚಿಕ್ಕ ಮಕ್ಕಳಿದ್ದಾರೆ, ನಾನೊಬ್ಬನೇ ದುಡಿಯುವವನು. ದಿನಕ್ಕೆ ಎಷ್ಟು ದುಡಿಯುತ್ತೀಯ, ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆ ಅನ್ನುವ ಅಂಕಿ ಅಲ್ಲಿ ಬರುವುದು ಅಪರೂಪ. ಬರಬೇಕಾದ ಜಾಗ ಅದೇ.

ನಾನು ಇದನ್ನೆಲ್ಲ ಪುಸ್ತಕ ಓದಿ ಶುರುಮಾಡಿದ್ದಲ್ಲ. ನಮ್ಮ ಚಿಕ್ಕಪ್ಪನ ಕೇಸಿನ ದಿನ ಕಣ್ಣಿಗೆ ಬಿದ್ದದ್ದು. ತೋಟದ ಅಗಳದ ಬೇಲಿ ವಿಷಯಕ್ಕೆ ಪಕ್ಕದವರ ಜೊತೆ ಜಗಳ, ತಳ್ಳಾಟ, 323 ಮತ್ತು 504. ಇವೆರಡೂ ರಾಜಿ ಆಗುವ ಕೇಸುಗಳೇ, ಆದರೆ ಆ ಮನೆಯವರು ರಾಜಿಗೆ ಒಪ್ಪಲಿಲ್ಲ, ಇವರೂ ಹೋಗಿ ಕೇಳಲಿಲ್ಲ. ಆರು ವರ್ಷ ಡೇಟು. ಪ್ರತಿ ಸಲ ಎರಡು ಬಸ್ ಹತ್ತಿ ತಾಲ್ಲೂಕು ಕೋರ್ಟಿಗೆ. ಕೊನೆಗೆ ಸಾಕಾಗಿ ತಪ್ಪು ಒಪ್ಪಿಕೊಂಡರು. 'ಕೋರ್ಟ್ ಏಳುವವರೆಗೆ ಸಜೆ' ಮತ್ತು ಒಟ್ಟು 2,500 ರೂಪಾಯಿ ದಂಡ.

ಕೋರ್ಟ್ ಏಳುವವರೆಗೆ ಸಜೆ ಅಂದರೆ ಏನು ಅಂತ ಚಿಕ್ಕಪ್ಪನಿಗೆ ಅರ್ಥ ಆಗಿರಲಿಲ್ಲ. ಜೈಲಿಗೆ ಕರೆದುಕೊಂಡು ಹೋಗುತ್ತಾರೆ ಅಂತ ಹೆದರಿ ಬಟ್ಟೆ ಚೀಲವನ್ನೇ ತಂದಿದ್ದರು, ಒಳಗೆ ಒಂದು ಪಂಚೆ, ಬಿಪಿ ಮಾತ್ರೆ, ಕುಚ್ಚಲಕ್ಕಿ ಅವಲಕ್ಕಿಯ ಪೊಟ್ಟಣ. ಸಾಹೇಬರು ಆವತ್ತಿನ ಕೆಲಸ ಮುಗಿಸಿ ಪೀಠದಿಂದ ಏಳುವ ತನಕ ಹಿಂದಿನ ಬೆಂಚಿನಲ್ಲಿ ಕೂತಿರಬೇಕು, ಅಷ್ಟೇ ಸಜೆ. ಮಧ್ಯಾಹ್ನ ಒಂದು ನಿದ್ದೆಯೂ ಆಯಿತು. ಎಚ್ಚರ ಆದಾಗ ಎದ್ದು ಹೊರಟರು, ಕೋರ್ಟ್ ಡ್ಯೂಟಿಯ ಪೊಲೀಸಿನವರು 'ಇನ್ನೂ ಆಗಿಲ್ಲ, ಕೂತ್ಕೊಳ್ಳಿ ಯಜಮಾನ್ರೇ' ಅಂತ ತೋಳು ಹಿಡಿದು ಕೂರಿಸಿದರು. ದಂಡ ಬೆಳಗ್ಗೆಯೇ ಕಟ್ಟಿ ಆಗಿತ್ತು, ರಸೀದಿ ಅಂಗಿ ಜೇಬಿನಲ್ಲಿ. ಆರು ವರ್ಷದ ಬಸ್ಸು, ವಕೀಲರು, ಕೆಲಸ ಬಿಟ್ಟ ದಿನ ಲೆಕ್ಕ ಹಾಕಿದರೆ ಆ 2,500 ಚಿಲ್ಲರೆ.

ಅದೇ ಬೆಂಚಿನಲ್ಲಿ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗ ಒಬ್ಬ ಇದ್ದ. ಸೆಂಟ್ರಿಂಗ್ ಕೆಲಸ. ಬೈಕಿನಲ್ಲಿ ಯಾರಿಗೋ ತಗುಲಿಸಿದ್ದ, ಲೈಸೆನ್ಸ್ ಇರಲಿಲ್ಲ. ಅವನೂ ಒಪ್ಪಿಕೊಂಡಿದ್ದ. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ 1 ಸಾವಿರ, ಲೈಸೆನ್ಸ್ ಇಲ್ಲದ್ದಕ್ಕೆ 5 ಸಾವಿರ, ತಪ್ಪಿದರೆ ಒಂದು ತಿಂಗಳು. ಅವನ ಹತ್ತಿರ ಇದ್ದದ್ದು 2 ಸಾವಿರ. ನ್ಯಾಯಾಧೀಶರು ಸಂಜೆ ತನಕ ಟೈಮ್ ಕೊಟ್ಟಿದ್ದರು. ಅವನು ಹೊರಗೆ ಕಾರಿಡಾರಿನಲ್ಲಿ ನಿಂತು ಒಂದಾದ ಮೇಲೆ ಒಂದು ಫೋನ್ ಮಾಡುತ್ತಿದ್ದ. 'ಮಾವ, ಸಾವಿರ ಆದ್ರೂ ಸಾಕು.' 'ಅಣ್ಣ, ಶನಿವಾರ ಬಟವಾಡೆ ಆದ ತಕ್ಷಣ ಕೊಡ್ತೀನಿ.' ಮೂರು ಗಂಟೆ, ನಾಲ್ಕು ಗಂಟೆ. ನಾಲ್ಕೂಮುಕ್ಕಾಲಿಗೆ ಅವನ ಮೇಸ್ತ್ರಿ ಬಂದ, ಸಿಮೆಂಟ್ ಮೆತ್ತಿದ ಪ್ಯಾಂಟಿನಲ್ಲೇ. 4 ಸಾವಿರ ಎಣಿಸಿ ಕೊಟ್ಟು, ಜೇಬಿನ ಡೈರಿ ತೆಗೆದು ಹುಡುಗನ ಹೆಸರಿನ ಮುಂದೆ ಬರೆದುಕೊಂಡ.

ದಂಡ ಕಟ್ಟಲಾಗದೆ ಒಳಗಿರುವವರಿಗೆ ಕೇಂದ್ರ ಸರ್ಕಾರದ ಒಂದು ಯೋಜನೆ 2023ರಿಂದ ಇದೆ. ಬಡ ಕೈದಿಗಳ ದಂಡವನ್ನೂ ಜಾಮೀನಿನ ಹಣವನ್ನೂ ಒಂದು ಮಿತಿಯವರೆಗೆ ಸರ್ಕಾರವೇ ಕಟ್ಟುತ್ತದೆ, ಶುರುವಾದಾಗ ಆ ಮಿತಿ ದಂಡಕ್ಕೆ 25 ಸಾವಿರ, ಜಾಮೀನಿಗೆ 40 ಸಾವಿರ ಇತ್ತು. ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಜಿಲ್ಲಾಧಿಕಾರಿ, ಎಸ್‌ಪಿ ಇರುವ ಸಮಿತಿ ಒಪ್ಪಬೇಕು. ಒಳ್ಳೆಯದೇ. ನಿಮ್ಮ ಪರಿಚಯದವರು ಯಾರಾದರೂ ಸಜೆ ಮುಗಿದೂ ದಂಡಕ್ಕಾಗಿ ಒಳಗಿದ್ದರೆ ಪ್ರಾಧಿಕಾರದ ಕಚೇರಿಗೆ ಒಂದು ಅರ್ಜಿ ಬರೆಯಿರಿ, ವಕೀಲರ ಫೀಸೂ ಬೇಕಿಲ್ಲ.

ಆದರೆ ಆ ಯೋಜನೆಯ ಲೆಕ್ಕ ಶುರುವಾಗುವುದು ಜೈಲಿನ ಬಾಗಿಲಿನ ಒಳಗೆ. ಆ ಹುಡುಗ ಒಳಗೆ ಹೋಗಲೇ ಇಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಅವನಿಲ್ಲ. ಅವನ ದಂಡ ಕೋರ್ಟಿನ ಪುಸ್ತಕದಲ್ಲಿ 'ಪಾವತಿಯಾಗಿದೆ'. ಸಂಜೆ ಸಾಹೇಬರು ಎದ್ದ ಮೇಲೆ ನಾವು, ಅವರಿಬ್ಬರು, ಒಟ್ಟಿಗೇ ಗೇಟಿನಿಂದ ಹೊರಗೆ ಬಂದೆವು. ಚಿಕ್ಕಪ್ಪ ಅವಲಕ್ಕಿ ಪೊಟ್ಟಣ ಬಿಚ್ಚಿ ಹುಡುಗನಿಗೂ ಒಂದು ಹಿಡಿ ಕೊಟ್ಟರು. ಶನಿವಾರದ ಬಟವಾಡೆ ಈ ಸಲ ಇಲ್ಲ, ಮುಂದಿನ ಸಲವೂ ಅರ್ಧವೇ ಅಂತ ಮೇಸ್ತ್ರಿ ಅವನಿಗೆ ಬೈಕ್ ಸ್ಟಾರ್ಟ್ ಮಾಡುತ್ತಾ ಹೇಳುತ್ತಿದ್ದ.